ಅಲುಗದ ನಕ್ಷತ್ರಗಳು: ಭೂಮಿ ಸೂರ್ಯನನ್ನು ಸುತ್ತುತ್ತದೆ ಎನ್ನಲು ಸಾಕ್ಷಿ ಸಿಕ್ಕಿದ್ದು ಯಾವಾಗ?

ಶಾಲೆಯಲ್ಲಿ ನಾವೆಲ್ಲ ಕಲಿತ ಕಥೆ ಚಿಕ್ಕದು. ಕೊಪರ್ನಿಕಸ್ ಸತ್ಯ ಕಂಡುಹಿಡಿದ, ಗೆಲಿಲಿಯೋ ದೂರದರ್ಶಕದಿಂದ ಅದನ್ನು ಸಾಬೀತು ಮಾಡಿದ, ಚರ್ಚು ಅವನನ್ನು ಶಿಕ್ಷಿಸಿತು. ಶಿಕ್ಷೆ ಆದದ್ದು ನಿಜ, ಅನ್ಯಾಯವಾಗಿ ಆದದ್ದೂ ನಿಜ. ಆದರೆ ಸಾಬೀತು ಮಾಡಿದ ಎನ್ನುವ ಮಾತು ಸರಿಯಲ್ಲ. ಭೂಮಿ ಸೂರ್ಯನನ್ನು ಸುತ್ತುವುದಾದರೆ ಆಕಾಶದಲ್ಲಿ ಕಾಣಲೇಬೇಕಾದ ಒಂದು ಗುರುತಿತ್ತು. ಗೆಲಿಲಿಯೋನ ಕಾಲಕ್ಕೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಗುರುತನ್ನು ಹುಡುಕಿದವರ ಕಥೆ ಬಿಟ್ಟರೆ ಈ ಇತಿಹಾಸ ಅರ್ಧವೇ ಆಗುತ್ತದೆ.

ತೋಳು ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಜರುಗಿದಂತೆ ಕಾಣುತ್ತದೆ. ಖಗೋಳಶಾಸ್ತ್ರದಲ್ಲಿ ಇದಕ್ಕೆ ಲಂಬನ ಎನ್ನುತ್ತಾರೆ. ಭೂಮಿ ಸೂರ್ಯನ ಸುತ್ತ ಚಲಿಸುತ್ತಿದ್ದರೆ ಜನವರಿಯಲ್ಲಿ ನಾವಿರುವ ಜಾಗಕ್ಕೂ ಜುಲೈಯಲ್ಲಿ ಇರುವ ಜಾಗಕ್ಕೂ ಸುಮಾರು 30 ಕೋಟಿ ಕಿಲೋಮೀಟರ್ ಅಂತರ. ಹಾಗಿದ್ದಮೇಲೆ ಹತ್ತಿರದ ನಕ್ಷತ್ರಗಳು ದೂರದ ನಕ್ಷತ್ರಗಳ ನಡುವೆ ಆರು ತಿಂಗಳಿಗೊಮ್ಮೆ ಅತ್ತಿತ್ತ ಜರುಗಬೇಕು. ಆದರೆ ಅವು ಜರುಗುತ್ತಿರಲಿಲ್ಲ.

ಈ ತೊಡಕು ಕ್ರಿಸ್ತಪೂರ್ವ 3ನೇ ಶತಮಾನದಷ್ಟು ಹಳೆಯದು. ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಸೂರ್ಯನನ್ನು ನಡುವಿಗಿಟ್ಟು ಭೂಮಿಯನ್ನು ಅದರ ಸುತ್ತ ತಿರುಗಿಸಿದ್ದ. ಆ ವಿಚಾರದ ಬಗ್ಗೆ ಅವನು ಬರೆದದ್ದು ಉಳಿದಿಲ್ಲ. ಆರ್ಕಿಮಿಡೀಸ್ ತನ್ನ ಒಂದು ಗ್ರಂಥದಲ್ಲಿ ಪ್ರಸ್ತಾಪಿಸಿದ್ದರಿಂದ ನಮಗೆ ತಿಳಿದಿದೆ. ಅದೇ ಪ್ರಸ್ತಾಪದಲ್ಲಿ ಉತ್ತರವೂ ಇದೆ: ನಕ್ಷತ್ರಗಳಿರುವ ದೂರದ ಮುಂದೆ ಭೂಮಿಯ ಕಕ್ಷೆ ಬರೀ ಒಂದು ಬಿಂದುವಿನಷ್ಟು. ಊಹೆ ಸರಿಯೇ ಇತ್ತು. ಆದರೆ ಕಾಣದಷ್ಟು ದೂರ ಎಂದುಬಿಟ್ಟರೆ ಅದನ್ನು ಪರೀಕ್ಷಿಸುವ ದಾರಿಯೇ ಮುಚ್ಚಿದಂತೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಭೂಮಿಯನ್ನು ನಡುವಿಗಿಟ್ಟು, ವೃತ್ತದ ಮೇಲೆ ವೃತ್ತ ಹೂಡಿ ಗ್ರಹಗಳ ವಕ್ರಗತಿಯನ್ನೂ, ಅಂದರೆ ಅವು ಆಗಾಗ ಹಿಂದಕ್ಕೆ ನಡೆದಂತೆ ಕಾಣುವುದನ್ನೂ, ಲೆಕ್ಕಕ್ಕೆ ಸಿಕ್ಕಿಸಿದ. ಮುಂದೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅರಬ್ ಮತ್ತು ಯುರೋಪಿನ ವಿದ್ವಾಂಸರು ಅದೇ ಚೌಕಟ್ಟಿನಲ್ಲಿ ಕೆಲಸ ಮಾಡಿದರು.

ನಿಕೊಲಸ್ ಕೊಪರ್ನಿಕಸ್ ಪೋಲೆಂಡಿನ ಫ್ರೊಂಬೊರ್ಕ್ ಎಂಬ ಊರಿನ ಕ್ಯಾಥೆಡ್ರಲ್‌ನ ಅಧಿಕಾರಿ. ಸುಮಾರು ಮೂವತ್ತು ವರ್ಷಗಳ ಕಾಲ ಅವನು ತನ್ನ ಲೆಕ್ಕಗಳನ್ನು ಮುದ್ರಣಕ್ಕೆ ಕೊಡಲಿಲ್ಲ. ಕೊನೆಗೆ ಒಪ್ಪಿಸಿದವನು ರೆಟಿಕಸ್ ಎಂಬ ತರುಣ ಗಣಿತಜ್ಞ. ಅವನು ಲೂಥರನ ವಿಟೆನ್‌ಬರ್ಗಿನಿಂದ 1539ರಲ್ಲಿ ಬಂದ ಪ್ರೊಟೆಸ್ಟೆಂಟ್, ಕೊಪರ್ನಿಕಸ್ ಕ್ಯಾಥೊಲಿಕ್. ಮತಗಳು ಬಡಿದಾಡುತ್ತಿದ್ದ ಆ ದಿನಗಳಲ್ಲಿ ಈ ಇಬ್ಬರ ಗುರುಶಿಷ್ಯ ಸಂಬಂಧ ನನಗೆ ಇಡೀ ಇತಿಹಾಸದಲ್ಲೇ ತುಂಬ ಪ್ರಿಯವಾದ ಭಾಗ. 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಗ್ರಂಥ ಅಚ್ಚಾಯಿತು; ಅದೇ ವರ್ಷ ಕೊಪರ್ನಿಕಸ್ ತೀರಿಕೊಂಡ. ಮುದ್ರಣ ನೋಡಿಕೊಳ್ಳುತ್ತಿದ್ದ ಒಸಿಯಾಂಡರ್ ಎಂಬ ಪಾದ್ರಿ, ಇದು ಲೆಕ್ಕಕ್ಕೆಂದು ಮಾಡಿದ ಕಲ್ಪನೆ, ನಿಜವೇ ಆಗಿರಬೇಕಿಲ್ಲ ಎಂಬ ಮುನ್ನುಡಿಯನ್ನು ಹೆಸರಿಲ್ಲದೆ ಸೇರಿಸಿಬಿಟ್ಟ. ಬಹಳ ಮಂದಿ ಅದನ್ನು ಕೊಪರ್ನಿಕಸನ ಮಾತೆಂದೇ ಓದಿದರು.

ಹೊಸ ಪದ್ಧತಿಯಿಂದ ಗ್ರಹಗಳ ಸ್ಥಾನ ಹೆಚ್ಚು ನಿಖರವಾಗಿಯೇನೂ ಸಿಗುತ್ತಿರಲಿಲ್ಲ. ಕೊಪರ್ನಿಕಸನೂ ವೃತ್ತಗಳನ್ನೇ ನಂಬಿದ್ದ, ಚಿಕ್ಕ ವೃತ್ತಗಳನ್ನೂ ಉಳಿಸಿಕೊಂಡಿದ್ದ. ಅದರ ಬಲವಿದ್ದದ್ದು ಬೇರೆ ಕಡೆ. ಮಂಗಳ ಯಾಕೆ ಹಿಂದಕ್ಕೆ ನಡೆಯುತ್ತದೆ? ಒಳಗಿನ ಕಕ್ಷೆಯಲ್ಲಿರುವ ಭೂಮಿ ಅದನ್ನು ದಾಟಿ ಮುಂದೆ ಹೋಗುವುದರಿಂದ. ಬುಧನಿಂದ ಶನಿಯವರೆಗೆ ಗ್ರಹಗಳು ಸೂರ್ಯನಿಂದ ದೂರವಾದಷ್ಟೂ ನಿಧಾನವಾಗುತ್ತ ಹೋಗುತ್ತವೆ. ಬುಧನಿಗೆ ಮೂರು ತಿಂಗಳೂ ಬೇಡ, ಶನಿಗೆ 29 ವರ್ಷಕ್ಕೂ ಹೆಚ್ಚು. ಟಾಲೆಮಿಯ ಪದ್ಧತಿಯಲ್ಲಿ ಈ ಸಾಲು ಹೀಗೆ ತಾನಾಗಿಯೇ ಕೂಡಿಬರುತ್ತಿರಲಿಲ್ಲ.

ಇಷ್ಟು ಚೆಂದಕ್ಕೆ ಮರುಳಾಗದ ಒಬ್ಬನಿದ್ದ, ಡೆನ್ಮಾರ್ಕಿನ ಟೈಕೊ ಬ್ರಾಹೆ. ದೂರದರ್ಶಕ ಹುಟ್ಟುವ ಮೊದಲು ಅವನಷ್ಟು ನಿಖರವಾಗಿ ಆಕಾಶ ಅಳೆದವರು ಯುರೋಪಿನಲ್ಲಿ ಇರಲಿಲ್ಲ. ಅವನೂ ಲಂಬನ ಹುಡುಕಿದ, ಸಿಗಲಿಲ್ಲ. ನಕ್ಷತ್ರಗಳು ಅಷ್ಟೊಂದು ದೂರ ಇದ್ದರೆ, ಕಣ್ಣಿಗೆ ಕಾಣುವ ಅವುಗಳ ಬಿಂಬದ ಅಳತೆಯಿಂದ ಒಂದೊಂದು ನಕ್ಷತ್ರವೂ ಭೂಮಿಯ ಇಡೀ ಕಕ್ಷೆಯಷ್ಟು ದೊಡ್ಡದಿರಬೇಕಲ್ಲ ಎಂದು ಕೇಳಿದ. ಆ ಬಿಂಬ ಬೆಳಕು ಹರಡಿ ಹುಟ್ಟಿಸುವ ಭ್ರಮೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಟೈಕೊನನ್ನು ಮೂಢನೆಂದು ಚಿತ್ರಿಸುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ಅವನ ಆಕ್ಷೇಪ ಪಕ್ಕಾ ವೈಜ್ಞಾನಿಕವಾದದ್ದು. ಅವನು ಕಂಡುಕೊಂಡ ನಡುದಾರಿ ಇದು: ಗ್ರಹಗಳೆಲ್ಲ ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಅವುಗಳನ್ನು ಕಟ್ಟಿಕೊಂಡು ಭೂಮಿಯನ್ನು ಸುತ್ತುತ್ತಾನೆ.

ಕೇರಳದ ನೀಲಕಂಠ ಸೋಮಯಾಜಿ ಟೈಕೊಗಿಂತ ಹಲವು ದಶಕ ಮೊದಲೇ ಇಂಥದ್ದೇ ಚಿತ್ರವನ್ನು ಆರ್ಯಭಟೀಯದ ಭಾಷ್ಯದಲ್ಲಿ ವಿವರಿಸಿದ್ದ. ಆರ್ಯಭಟನೇ ಸೂರ್ಯಕೇಂದ್ರ ವಾದ ಹೇಳಿದ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಕ್ರಿಸ್ತಶಕ 499ರ ಸುಮಾರಿಗೆ ಅವನು ಹೇಳಿದ್ದು ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದು; ಗ್ರಹಗಳ ಲೆಕ್ಕದಲ್ಲಿ ಭೂಮಿ ನಡುವಿನಲ್ಲೇ ಇತ್ತು. ಆ ಒಂದು ಮಾತೇ ಎಷ್ಟು ದಿಟ್ಟದ್ದೆಂದರೆ ಬ್ರಹ್ಮಗುಪ್ತನಂಥವನು ಅದನ್ನು ಖಂಡಿಸಿ ಬರೆದ. ಇಲ್ಲದ ಹಿರಿಮೆ ಹೊರಿಸಿದರೆ ಇರುವ ಹಿರಿಮೆ ಮರೆಯಾಗುತ್ತದೆ.

ಟೈಕೊ ಬಿಟ್ಟುಹೋದ ಮಂಗಳನ ದಾಖಲೆಗಳು ಯೊಹಾನ್ನೆಸ್ ಕೆಪ್ಲರನ ಕೈಸೇರಿದವು. ವೃತ್ತಾಕಾರದ ಕಕ್ಷೆ ಹಿಡಿದು ಲೆಕ್ಕ ಹಾಕಿದರೆ 8 ನಿಮಿಷದಷ್ಟು ಕೋನ ತಪ್ಪುತ್ತಿತ್ತು, ಅಂದರೆ ಚಂದ್ರಬಿಂಬದ ಅಗಲದ ಕಾಲು ಭಾಗ. ಬೇರೆ ಯಾರಾದರೂ ಅಷ್ಟನ್ನು ವೀಕ್ಷಣೆಯ ದೋಷ ಎಂದು ಬಿಟ್ಟುಬಿಡುತ್ತಿದ್ದರು. ಟೈಕೊ ಅಷ್ಟು ತಪ್ಪಲಾರ ಎಂದು ಕೆಪ್ಲರ್ ನಂಬಿದ. ಎರಡು ಸಾವಿರ ವರ್ಷಗಳ ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಮಂಗಳನ ಕಕ್ಷೆ ದೀರ್ಘವೃತ್ತ. ಕೊಪರ್ನಿಕಸನ ಗ್ರಂಥಕ್ಕೆ ಆ ಮುನ್ನುಡಿ ಬರೆದವನು ಒಸಿಯಾಂಡರ್ ಎಂಬುದನ್ನೂ ಅದರಲ್ಲೇ ಬಯಲಿಗಿಟ್ಟ. ಭೂಮಿ ಚಲಿಸುತ್ತದೆ ಎಂದು ಕೊಪರ್ನಿಕಸ್ ಹೇಳಿದವನಾದರೆ, ಆ ಮಾತನ್ನು ಗೆಲ್ಲಿಸಿದವನು ಕೆಪ್ಲರ್ ಎಂದೇ ನನ್ನ ಎಣಿಕೆ. 1627ರಲ್ಲಿ ಬಂದ ಅವನ ಕೋಷ್ಟಕಗಳು ಹಳೆಯವನ್ನೆಲ್ಲ ಹಿಂದಿಕ್ಕಿದವು. 1631ರ ನವೆಂಬರ್ 7ರಂದು ಬುಧ ಸೂರ್ಯಬಿಂಬದ ಮೇಲೆ ಹಾದುಹೋಗುವುದಾಗಿ ಅವನು ಮೊದಲೇ ತಿಳಿಸಿದ್ದ. ಪ್ಯಾರಿಸ್ಸಿನಲ್ಲಿ ಗ್ಯಾಸೆಂಡಿ ಎಂಬ ವಿದ್ವಾಂಸ ಅದನ್ನು ಕಣ್ಣಾರೆ ಕಂಡ. ಕೆಪ್ಲರ್ ಸತ್ತು ಆಗ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು.

ಗೆಲಿಲಿಯೋ 1610ರಲ್ಲಿ ಗುರುವಿನ ಚಂದ್ರರನ್ನು ಕಂಡ, ಶುಕ್ರನಿಗೂ ಚಂದ್ರನಂತೆ ವೃದ್ಧಿಕ್ಷಯಗಳಿರುವುದನ್ನು ಕಂಡ. ಶುಕ್ರ ಪೂರ್ಣಬಿಂಬವಾಗಿ ಕಾಣಬೇಕಾದರೆ ಅದು ಸೂರ್ಯನ ಆಚೆಗೂ ಹೋಗಬೇಕು. ಅಲ್ಲಿಗೆ ಟಾಲೆಮಿಯ ಕಥೆ ಮುಗಿಯಿತು. ಟೈಕೊನ ನಡುದಾರಿಗೆ ಮಾತ್ರ ಯಾವ ಧಕ್ಕೆಯೂ ಆಗಲಿಲ್ಲ. ಭೂಮಿಯ ಚಲನೆಗೆ ಗೆಲಿಲಿಯೋ ಮುಖ್ಯ ಪುರಾವೆಯಾಗಿ ಒಡ್ಡಿದ್ದು ಸಮುದ್ರದ ಉಬ್ಬರವಿಳಿತವನ್ನು. ಅದು ತಪ್ಪು ವಾದವಾಗಿತ್ತು. 1616ರಲ್ಲಿ ಕೊಪರ್ನಿಕಸನ ಗ್ರಂಥಕ್ಕೆ ತಿದ್ದುಪಡಿಯಾಗುವ ತನಕ ತಡೆ ಬಿತ್ತು. 1633ರಲ್ಲಿ ಗೆಲಿಲಿಯೋ ಮಂಡಿಯೂರಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 1642ರಲ್ಲಿ ಸಾಯುವವರೆಗೂ ಗೃಹಬಂಧನ. ಪುರಾವೆ ಪೂರ್ತಿಯಾಗಿರಲಿಲ್ಲ ಎನ್ನುವುದು ಆ ತೀರ್ಪನ್ನು ಒಂದಿಷ್ಟೂ ಸಮರ್ಥಿಸುವುದಿಲ್ಲ. ಪುರಾವೆ ಹುಡುಕುವ ಹಾದಿಯನ್ನೇ ಅದು ಅಪರಾಧ ಮಾಡಿತು.

1687ರಲ್ಲಿ ನ್ಯೂಟನ್ ಗುರುತ್ವಾಕರ್ಷಣೆಯ ನಿಯಮ ಕೊಟ್ಟ ಮೇಲೆ, ಅಗಾಧ ತೂಕದ ಸೂರ್ಯ ಪುಟ್ಟ ಭೂಮಿಯನ್ನು ಸುತ್ತುವುದು ಯೋಚಿಸಲಿಕ್ಕೂ ಕಷ್ಟವಾಯಿತು. ಬಲ್ಲವರು ಒಪ್ಪಿಬಿಟ್ಟರು, ಲಂಬನ ಸಿಗದಿದ್ದರೂ. ಅದನ್ನೇ ಹುಡುಕುತ್ತ 1720ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ಒಂದು ನಕ್ಷತ್ರವನ್ನು ವರ್ಷವಿಡೀ ಅಳೆದ. ನಕ್ಷತ್ರ ಜರುಗಿತು, ಆದರೆ ಲಂಬನಕ್ಕೆ ಹೊಂದದ ದಿಕ್ಕಿನಲ್ಲಿ. ಓಡುತ್ತಿರುವ ಭೂಮಿಗೆ ನಕ್ಷತ್ರದ ಬೆಳಕು ಸ್ವಲ್ಪ ಓರೆಯಾಗಿ ಬಂದಂತೆ ಕಾಣುತ್ತದೆ ಎಂದು ಅವನು ಅರ್ಥ ಮಾಡಿಕೊಂಡ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ನೇರ ಸಾಕ್ಷಿ ಇದು.

ಚರ್ಚಿನ 1835ರ ನಿಷೇಧಿತ ಪುಸ್ತಕಗಳ ಪಟ್ಟಿಯಲ್ಲಿ ಕೊಪರ್ನಿಕಸ್, ಗೆಲಿಲಿಯೋ ಹೆಸರುಗಳು ಇರಲಿಲ್ಲ. ಮೂರು ವರ್ಷದ ನಂತರ, 1838ರಲ್ಲಿ, ಕೋನಿಗ್ಸ್‌ಬರ್ಗಿನ ಫ್ರೀಡ್ರಿಕ್ ಬೆಸೆಲ್ ಹಂಸ ನಕ್ಷತ್ರಪುಂಜದ 61ನೇ ನಕ್ಷತ್ರದ ಲಂಬನವನ್ನು ಅಳೆದು ಪ್ರಕಟಿಸಿದ. ಅವನಿಗೆ ಸಿಕ್ಕ ಕೋನ ಚಂದ್ರಬಿಂಬದ ಅಗಲದ ಸುಮಾರು ಆರು ಸಾವಿರದಲ್ಲಿ ಒಂದು ಪಾಲು. ಬರಿಗಣ್ಣಿನ ಟೈಕೊಗೆ ಅದು ಕಾಣಲು ಸಾಧ್ಯವೇ ಇರಲಿಲ್ಲ. ಆ ನಕ್ಷತ್ರ ಇರುವುದು 11 ಜ್ಯೋತಿರ್ವರ್ಷಕ್ಕೂ ಆಚೆ ಎಂದು ಇಂದಿನ ಅಳತೆ ಹೇಳುತ್ತದೆ. 2013ರಲ್ಲಿ ಯುರೋಪ್ ಹಾರಿಬಿಟ್ಟ ಗಾಯಾ ನೌಕೆ ಅದೇ ವಿಧಾನದಿಂದ 140 ಕೋಟಿಗೂ ಹೆಚ್ಚು ನಕ್ಷತ್ರಗಳ ಲಂಬನವನ್ನು ಲೆಕ್ಕಕ್ಕೆ ತಂದಿದೆ.