ಹಕ್ಕಿಯ ಹೆಸರಲ್ಲಿ ಇರುವವರೇ ಅದನ್ನು ಕಂಡುಹಿಡಿದವರೆ?

"ಈ ಹಕ್ಕಿಯನ್ನು ಕಂಡುಹಿಡಿದ ಬ್ಯೂಯಿಕ್ ಬಗ್ಗೆ ಸ್ವಲ್ಪ ಮಾಹಿತಿ ಬೇಕಿತ್ತು." "ಅಧ್ಯಕ್ಷ ಲಿಂಕನ್‌ಗೆ ಹಕ್ಕಿಗಳ ಹುಚ್ಚು ಇತ್ತಂತೆ, ನಿಜವೇ?" ಇಂಥ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಹಕ್ಕಿಗಳ ಹೆಸರಿನೊಳಗೆ ಸೇರಿಹೋದ, ಜನ ಮರೆತುಬಿಟ್ಟ ಮನುಷ್ಯರ ಜಾಡು ಹಿಡಿಯುವುದು ನನ್ನ ಕೆಲಸ. ಕೇಳುವವರ ಆಸಕ್ತಿ ನೋಡಿ ಖುಷಿಯಾಗುತ್ತದೆ. ಆದರೆ ಅದೇ ಒಂದು ತಪ್ಪನ್ನು ತಿದ್ದಿ ತಿದ್ದಿ ಸಾಕಾಗಿದೆ. ಹೆಸರಲ್ಲಿ ಯಾರಿದ್ದಾರೋ ಅವರೇ ಹಕ್ಕಿಯನ್ನು ಕಂಡುಹಿಡಿದವರು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿರುತ್ತಾರೆ. ಆಮೇಲೆ ಆ ತೀರ್ಮಾನಕ್ಕೆ ತಕ್ಕ ಕಥೆ ಹುಡುಕುತ್ತಾರೆ. ಹುಡುಕಿದರೆ ಕಥೆ ಸಿಗದೇ ಇರುತ್ತದೆಯೇ? ಸಿಕ್ಕೇ ಸಿಗುತ್ತದೆ.

ಮೊಮ್ಮಗುವಿಗೆ ತಾತನ ಹೆಸರಿಟ್ಟರೆ ಅದು ತಾತನ ಮೇಲಿನ ಪ್ರೀತಿ. ಮಗುವನ್ನು ಹೆತ್ತವರು ಬೇರೆ, ಹೆಸರು ಹುಡುಕಿದವರು ಬೇರೆ ಇರಬಹುದು. ಹಕ್ಕಿಯ ವಿಷಯದಲ್ಲೂ ಇಷ್ಟೇ. ಹಕ್ಕಿಯನ್ನು ಹಿಡಿದವರು ಒಬ್ಬರು. ಅದು ಹೊಸ ಜಾತಿ ಎಂದು ಗುರುತಿಸಿ, ವಿವರ ಬರೆದು, ಹೆಸರಿಟ್ಟು ಅಚ್ಚು ಹಾಕಿಸಿದವರು ಇನ್ನೊಬ್ಬರು. ಯಾರ ಗೌರವಕ್ಕಾಗಿ ಆ ಹೆಸರೋ ಅವರು ಮತ್ತೊಬ್ಬರು. ಮೂವರೂ ಒಬ್ಬರೇ ಆಗಿರುವುದು ಬಲು ಅಪರೂಪ. ಹೊಸ ಹಕ್ಕಿಗೆ ತಾನೇ ತನ್ನ ಹೆಸರಿಟ್ಟುಕೊಳ್ಳುವುದನ್ನು ಪಕ್ಷಿ ವಿದ್ವಾಂಸರ ನಡುವೆ ಯಾರೂ ಮೆಚ್ಚುವುದಿಲ್ಲ. ಇಬ್ಬರು ಒಬ್ಬರೇ ಆಗಿರುವುದು ಉಂಟು. ಅದನ್ನೂ ಕಾಗದ ನೋಡಿಯೇ ಹೇಳಬೇಕು.

ಲಿಂಕನ್ಸ್ ಸ್ಪ್ಯಾರೋ ನೋಡಿ. 1833ರಲ್ಲಿ ಅಮೆರಿಕದ ಹೆಸರಾಂತ ಹಕ್ಕಿ ಚಿತ್ರಕಾರ ಆಡುಬಾನ್ ಕೆನಡಾದ ಲ್ಯಾಬ್ರಡಾರ್ ಕಡೆ ಹಡಗಿನಲ್ಲಿ ಹೊರಟಾಗ ಜೊತೆಗೆ ಕೆಲವು ಯುವಕರನ್ನು ಕರೆದುಕೊಂಡು ಹೋಗಿದ್ದರು. ಅವರಲ್ಲಿ ಮೇನ್ ರಾಜ್ಯದ ಥಾಮಸ್ ಲಿಂಕನ್ ಒಬ್ಬ. ಈ ಗುಬ್ಬಿಯಂಥ ಹಕ್ಕಿಯನ್ನು ಹೊಡೆದು ತಂದವನು ಆ ಹುಡುಗ. ಆಡುಬಾನ್ ಅವನ ಹೆಸರನ್ನೇ ಇಟ್ಟರು. ಆಗ ಅಬ್ರಹಾಂ ಲಿಂಕನ್ ಇಲಿನಾಯ್ಸ್‌ನ ಒಂದು ಸಣ್ಣ ಹಳ್ಳಿಯಲ್ಲಿದ್ದ, ಹೊರಗೆ ಯಾರಿಗೂ ಗೊತ್ತಿಲ್ಲದ ಯುವಕ. ಇಸವಿ ಒಂದನ್ನು ನೋಡಿದ್ದರೆ ಸಾಕಿತ್ತು, ಆ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಇಲ್ಲಿ ಹಿಡಿದವನಿಗೇ ಗೌರವ ಸಿಕ್ಕಿತು. ಹಾಗಂತ ಪ್ರತಿ ಸಲವೂ ಹೀಗೇ ಅಂದುಕೊಳ್ಳಬೇಡಿ. ಅದೇ ಆಡುಬಾನ್ ಅಮೆರಿಕದ ಒಂದು ಪುಟ್ಟ ರೆನ್ ಹಕ್ಕಿಗೆ ಥಾಮಸ್ ಬ್ಯೂಯಿಕ್ ಹೆಸರಿಟ್ಟರು. ಬ್ಯೂಯಿಕ್ ಇಂಗ್ಲೆಂಡಿನಲ್ಲಿ ಮರದ ಅಚ್ಚಿನಲ್ಲಿ ಹಕ್ಕಿಗಳ ಚಿತ್ರ ಕೊರೆಯುತ್ತಿದ್ದ ಕಲಾವಿದ. ಅಮೆರಿಕಕ್ಕೆ ಕಾಲಿಟ್ಟವರೇ ಅಲ್ಲ. 1827ರಲ್ಲಿ ನ್ಯೂಕಾಸಲ್‌ನಲ್ಲಿ ಬ್ಯೂಯಿಕ್‌ರನ್ನು ಭೇಟಿಯಾಗಿ ಆಡುಬಾನ್ ಮನಸೋತಿದ್ದರು. ಹಾಗಾಗಿ ಆ ಹೆಸರಲ್ಲಿ ನಮಗೆ ಕಾಣುವುದು ಆಡುಬಾನ್ ಯಾರನ್ನು ಮೆಚ್ಚಿದ್ದರು ಎಂಬುದು. ಹಕ್ಕಿ ಯಾರಿಗೆ ಸಿಕ್ಕಿತು ಎಂಬುದು ಅದರಲ್ಲಿ ಇಲ್ಲ.

ವರ್ಜೀನಿಯಾಸ್ ವಾರ್ಬ್ಲರ್ ಎಂಬ ಹೆಸರು ಕೇಳಿದರೆ ಅದು ವರ್ಜೀನಿಯಾ ರಾಜ್ಯದ ಹಕ್ಕಿ ಅನ್ನಿಸುತ್ತದೆ, ಅಲ್ವಾ? ಅದು ಇರುವುದು ದೇಶದ ಆ ತುದಿಯಲ್ಲಿ, ನೈಋತ್ಯದ ಒಣ ಬೆಟ್ಟಗಳಲ್ಲಿ. ನ್ಯೂ ಮೆಕ್ಸಿಕೋದ ಫೋರ್ಟ್ ಬರ್ಗ್ವಿನ್‌ನಲ್ಲಿದ್ದ ಸೈನ್ಯದ ವೈದ್ಯ ಡಬ್ಲ್ಯೂ. ಡಬ್ಲ್ಯೂ. ಆಂಡರ್ಸನ್‌ಗೆ ಅದು ಸಿಕ್ಕಿತು. 1860ರಲ್ಲಿ ಪಕ್ಷಿ ವಿಜ್ಞಾನಿ ಸ್ಪೆನ್ಸರ್ ಬೇರ್ಡ್ ಅದನ್ನು ವಿವರಿಸಿ ಆಂಡರ್ಸನ್‌ರ ಹೆಂಡತಿ ವರ್ಜೀನಿಯಾ ಹೆಸರಿಟ್ಟರು. ಮರುವರ್ಷ ಕೂಪರ್ ಎಂಬವರು ಇನ್ನೊಂದು ವಾರ್ಬ್ಲರ್‌ಗೆ ಬೇರ್ಡ್‌ರ ಮಗಳು ಲೂಸಿಯ ಹೆಸರಿಟ್ಟರು. ಲೂಸಿ ಆಗ ಹದಿಮೂರರ ಹುಡುಗಿ. ಇವರಿಬ್ಬರೂ ಆ ಹಕ್ಕಿಗಳನ್ನು ಹುಡುಕಿಕೊಂಡು ಬೆಟ್ಟ ಹತ್ತಿದವರಲ್ಲ. ಆದರೂ "ಹಕ್ಕಿ ಕಂಡುಹಿಡಿದ ಮಹಿಳೆಯರು" ಎಂಬ ಪಟ್ಟಿಯಲ್ಲಿ ಇವರನ್ನು ಸೇರಿಸಿ ನನ್ನ ಒಪ್ಪಿಗೆ ಕೇಳುತ್ತಾರೆ. ಹಾಗೆ ಮಾಡಿದರೆ ನಿಜವಾಗಿ ದುಡಿದ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ. ಎಲಿಜಬೆತ್ ಗೌಲ್ಡ್ ಗಂಡನ ಪುಸ್ತಕಗಳಿಗಾಗಿ ನೂರಾರು ಹಕ್ಕಿ ಚಿತ್ರ ಬರೆದವರು. ಮಿಸೆಸ್ ಗೌಲ್ಡ್ಸ್ ಸನ್‌ಬರ್ಡ್ ಎಂಬ ಸೂರಕ್ಕಿಯ ಹೆಸರಲ್ಲಿರುವುದು ಅವರೇ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಯಾರು ಏನು ಮಾಡಿದರೋ ಅದನ್ನೇ ಬರೆಯಿರಿ.

ಗೊಂದಲ ಇನ್ನೂ ಜಾಸ್ತಿಯಾಗುವುದು ಇಂಗ್ಲಿಷ್ ಹೆಸರೊಂದು, ವೈಜ್ಞಾನಿಕ ಹೆಸರೊಂದು ಆದಾಗ. ಶ್ರೀಲಂಕಾದಲ್ಲಿ ಮಾತ್ರ ಇರುವ ಒಂದು ಗಿಳಿಗೆ ಇಂಗ್ಲಿಷಿನಲ್ಲಿ ಲೇಯರ್ಡ್ಸ್ ಪ್ಯಾರಾಕೀಟ್ ಎನ್ನುತ್ತಾರೆ. ಅಲ್ಲಿ ಅಧಿಕಾರಿಯಾಗಿದ್ದ ಎಡ್ಗರ್ ಲೇಯರ್ಡ್ ಹೆಸರು ಅದು. ವೈಜ್ಞಾನಿಕ ಹೆಸರಿನಲ್ಲಿ ಲೇಯರ್ಡ್ ಇಲ್ಲ. ಅಲ್ಲಿರುವುದು ಕ್ಯಾಲ್ತ್ರಾಪೆ. ಲೇಯರ್ಡ್‌ರ ಹೆಂಡತಿ ಬಾರ್ಬರಾ ಆ್ಯನ್ ಕ್ಯಾಲ್ತ್ರಾಪ್ ಅವರ ತವರಿನ ಹೆಸರು. ಇಟ್ಟವರು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್, 1849ರಲ್ಲಿ. ಈ ಹೆಸರನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಅಕ್ಷರಗಳಲ್ಲಿ ಬರೆದಿದ್ದಾರೆ. ಒಂದೇ ಕಾಗುಣಿತ ನಂಬಿ ಹುಡುಕಿದವರಿಗೆ ಆಕೆ ಸಿಗುವುದೇ ಇಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಲೆಗ್ಗೆಸ್ ಹಾಕ್ ಈಗಲ್ ಕೂಡ ಹೀಗೇ. ಇಂಗ್ಲಿಷ್ ಹೆಸರಲ್ಲಿರುವ ಲೆಗ್ಗೆ 1878ರಲ್ಲಿ ಅದನ್ನು ವಿವರಿಸಿದವರು. ಅವರು ಅದಕ್ಕೆ ಇಟ್ಟದ್ದು ಶ್ರೀಲಂಕಾದಲ್ಲೇ ಹುಟ್ಟಿ ಬೆಳೆದ ವೈದ್ಯ ಕೆಲಾರ್ಟ್ ಹೆಸರು. ಎರಡೂ ಹೆಸರನ್ನು ಬೇರೆ ಬೇರೆಯಾಗಿ ಹಿಡಿದು ಹುಡುಕಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಬಾರದು.

ಕೆಲವರು ಒಂದು ಸುಲಭದ ದಾರಿ ಹಿಡಿಯುತ್ತಾರೆ. ವೈಜ್ಞಾನಿಕ ಹೆಸರಿನ ಕೊನೆ ನೋಡಿ, ಅದು 'ಎ' ಎಂದು ಮುಗಿದರೆ ಹೆಣ್ಣು ಎಂದು ಹೇಳಿಬಿಡುತ್ತಾರೆ. ಭಾರತದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಪಕ್ಷಿತಜ್ಞ ಎ. ಒ. ಹ್ಯೂಮ್ ತಮ್ಮ ಹೆಂಡತಿಯ ಹೆಸರಿಟ್ಟ ಫೆಸೆಂಟ್ ಹಕ್ಕಿಗೆ ಹ್ಯೂಮಿಯೆ ಎಂಬ ಹೆಸರಿದೆ, ಅದು ಸರಿ. ಆದರೆ ಕೋಸ್ಟಾಸ್ ಹಮ್ಮಿಂಗ್‌ಬರ್ಡ್‌ನ ಹೆಸರು ಕೋಸ್ಟೆ. ಕೊನೆ ಹೆಣ್ಣಿನದು, ಮನುಷ್ಯ ಗಂಡಸು. ಆತ ಕೋಸ್ಟಾ ಎಂಬ ಮನೆತನದ ಒಬ್ಬ ಶ್ರೀಮಂತ. ಮನೆತನದ ಹೆಸರು 'ಆ' ಸ್ವರದಲ್ಲಿ ಮುಗಿದದ್ದಕ್ಕೆ ಹಾಗಾಯಿತು, ಅಷ್ಟೇ.

ಯಾರು ಹಿಡಿದರು, ಯಾರು ಹೆಸರಿಟ್ಟರು ಎಂದು ಇಷ್ಟೆಲ್ಲ ಯಾಕೆ ಬಿಡಿಸಿ ನೋಡಬೇಕು, ಸುಮ್ನೆ ಒಂದು ಹೆಸರು ತಾನೆ ಎನ್ನುವವರಿಗೆ ನಾನು ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯ ಕಥೆ ಹೇಳುತ್ತೇನೆ. 1872ರಲ್ಲಿ ಎಫ್. ಆರ್. ಬ್ಲೆವಿಟ್ ಮಧ್ಯ ಭಾರತದಲ್ಲಿ ಅದನ್ನು ಸಂಗ್ರಹಿಸಿದರು. 1873ರಲ್ಲಿ ಹ್ಯೂಮ್ ಅದನ್ನು ವಿವರಿಸಿ ಬ್ಲೆವಿಟ್ ಹೆಸರಿಟ್ಟರು. ಹ್ಯೂಮ್‌ಗೆ ಮಾಹಿತಿ ಕಳಿಸುತ್ತಿದ್ದವರಲ್ಲಿ ವಿಲಿಯಂ ಬ್ಲೆವಿಟ್ ಎಂಬ ಇನ್ನೊಬ್ಬರೂ ಇದ್ದರು, ಹಾಗಾಗಿ ಇನಿಷಿಯಲ್ ಬಿಟ್ಟು ಬರೆಯುವ ಹಾಗಿಲ್ಲ. 1884ರ ನಂತರ ಈ ಗೂಬೆ ಯಾರಿಗೂ ಸಿಗಲಿಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸಂಗ್ರಹದಲ್ಲಿ 1914ರ ಒಂದು ಮಾದರಿ ಇತ್ತು. ಗುಜರಾತಿನಲ್ಲಿ ತಾನೇ ಹಿಡಿದದ್ದು ಎಂದು ಅದರ ಚೀಟಿಯಲ್ಲಿತ್ತು. ಆ ಚೀಟಿಯ ಮಾತು ನಂಬಿ ಹುಡುಕಿದವರಿಗೆ ಗೂಬೆ ಕಾಣಲೇ ಇಲ್ಲ. ಅಮೆರಿಕದ ಪಕ್ಷಿ ವಿಜ್ಞಾನಿ ಪಮೇಲಾ ರಾಸ್ಮುಸೆನ್ ಮ್ಯೂಸಿಯಂಗಳಲ್ಲಿ ಕೂತು ಒಂದೊಂದೇ ಮಾದರಿ ಪರೀಕ್ಷಿಸಿದರು. 1914ರದ್ದು ಎನ್ನಲಾದ ಆ ಮಾದರಿ ನಿಜಕ್ಕೂ ಜೇಮ್ಸ್ ಡೇವಿಡ್‌ಸನ್ 1880ರ ದಶಕದಲ್ಲಿ ಸಂಗ್ರಹಿಸಿದ ಹಕ್ಕಿ. ಮೈನರ್ಟ್ಸ್‌ಹ್ಯಾಗನ್ ಅದನ್ನು ಕದ್ದು, ಹತ್ತಿ ತುಂಬಿದ ರೀತಿ ಬದಲಿಸಿ, ಸುಳ್ಳು ಚೀಟಿ ಕಟ್ಟಿದ್ದ. ರಾಸ್ಮುಸೆನ್ ಆ ಸುಳ್ಳನ್ನು ಪಕ್ಕಕ್ಕಿಟ್ಟು, ನಿಜವಾದ ಸಂಗ್ರಹಕಾರರು ಓಡಾಡಿದ ಜಾಗಗಳ ಕಡೆ ಹೊರಟರು. 1997ರ ನವೆಂಬರಿನಲ್ಲಿ, ಜೊತೆಗಾರರೊಂದಿಗೆ ಮಹಾರಾಷ್ಟ್ರದ ಬೆಟ್ಟಗಳ ತಪ್ಪಲಿನಲ್ಲಿ ಅದನ್ನು ಜೀವಂತ ಕಂಡರು. ಹಿಡಿದವರು ಯಾರು ಎಂಬ ಪ್ರಶ್ನೆಗೆ ಸರಿಯುತ್ತರ ಸಿಕ್ಕಿದ್ದರಿಂದ ಕಳೆದುಹೋದ ಹಕ್ಕಿ ಸಿಕ್ಕಿತು.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಮೂಲ ವಿವರಣೆ. ವೈಜ್ಞಾನಿಕ ಹೆಸರಿನ ನಂತರ ಒಂದು ಹೆಸರು, ಒಂದು ಇಸವಿ ಇರುತ್ತದೆ. ಅದು ವಿವರಿಸಿದವರ ಹೆಸರು. ಗೌರವ ಪಡೆದವರದ್ದೂ ಅಲ್ಲ, ಹಿಡಿದವರದ್ದೂ ಅಲ್ಲ. ಆ ಇಸವಿಯ ಪತ್ರಿಕೆ ತೆಗೆದು ಆ ಪುಟ ಓದಿ. ಹಳೆಯ ಪತ್ರಿಕೆಗಳಲ್ಲಿ ಬಹಳಷ್ಟು ಈಗ ಅಂತರ್ಜಾಲದಲ್ಲಿ ಉಚಿತವಾಗಿವೆ. ಎಷ್ಟೋ ಸಲ ಅಲ್ಲೇ ಒಂದು ಸಾಲಿನಲ್ಲಿ "ನನ್ನ ಗೆಳೆಯ ಇಂಥವರು ಕಳಿಸಿದರು" ಎಂದಿರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮ್ಯೂಸಿಯಂ ಚೀಟಿ, ದಾಖಲೆ ಪುಸ್ತಕ, ಪತ್ರ, ಸೈನ್ಯದ ಪಟ್ಟಿ, ಚರ್ಚಿನ ಮದುವೆ ಪುಸ್ತಕ. ಎಲ್ಲ ನೋಡಿದ ಮೇಲೂ "ಬಹುಶಃ" ಎಂದು ಬರೆಯಬೇಕಾಗಬಹುದು. ಬರೆಯಿರಿ, ತಪ್ಪೇನಿಲ್ಲ.

ಇನ್ನು ಹೆಸರಿನಲ್ಲಿ ಜಾಗವೇ ಸಿಗದ ಜನ ಇದ್ದಾರೆ. ನನಗೆ ಅವರ ಮೇಲೆ ಹೆಚ್ಚು ಪ್ರೀತಿ. 1858ರಲ್ಲಿ ಇಂದಿನ ಇಂಡೊನೇಷ್ಯಾದ ಬಚನ್ ದ್ವೀಪದಲ್ಲಿ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ವ್ಯಾಲೇಸ್‌ರ ಸಹಾಯಕ ಅಲಿ ಒಂದು ವಿಚಿತ್ರ ಹಕ್ಕಿಯನ್ನು ಹೊಡೆದು ತಂದ. ವ್ಯಾಲೇಸ್ ಅದನ್ನು ಇಂಗ್ಲೆಂಡಿಗೆ ಕಳಿಸಿದರು. 1859ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಗ್ರೇ ಅದಕ್ಕೆ ವ್ಯಾಲೇಸ್ ಹೆಸರಿಟ್ಟರು. ಅದು ಅಲಿಯ ಕೈಯಿಂದ ಬಂತು ಎಂಬುದು ನಮಗೆ ಗೊತ್ತಿರುವುದು ವ್ಯಾಲೇಸ್ ಅದನ್ನು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದ. ಆಫ್ರಿಕಾದ ಕ್ಲಾಸಸ್ ಕುಕೂ ಎಂಬ ಕೋಗಿಲೆ ಇದಕ್ಕೆ ಅಪರೂಪದ ಅಪವಾದ. ಫ್ರೆಂಚ್ ಪ್ರವಾಸಿ ಲೆವಾಯಾಂ ತನ್ನ ಜೊತೆಗಿದ್ದ ಖೋಯ್‌ಖೋಯ್ ಸಹಾಯಕ ಕ್ಲಾಸ್‌ನ ಹೆಸರನ್ನೇ ಅದಕ್ಕೆ ಇಟ್ಟ. 2006ರಲ್ಲಿ ರಮಣ ಆತ್ರೇಯ ಅರುಣಾಚಲದ ಹೊಸ ಹಕ್ಕಿಗೆ ಅಲ್ಲಿಯ ಬುಗುನ್ ಸಮುದಾಯದ ಹೆಸರಿಟ್ಟರು. ಹಕ್ಕಿಯನ್ನು ಕೊಲ್ಲದೆ, ಕೆಲವು ಗರಿ ಮತ್ತು ಫೋಟೊ ಆಧಾರದಲ್ಲಿ ಅದನ್ನು ವಿವರಿಸಿದರು.

2023ರಲ್ಲಿ ಅಮೆರಿಕದ ಪಕ್ಷಿ ವಿಜ್ಞಾನಿಗಳ ಸಂಘ ತನ್ನ ವ್ಯಾಪ್ತಿಯ ಹಕ್ಕಿಗಳ ಇಂಗ್ಲಿಷ್ ಹೆಸರುಗಳಿಂದ ಮನುಷ್ಯರ ಹೆಸರು ತೆಗೆಯುವ ನಿರ್ಧಾರ ಮಾಡಿತು. ಆಮೇಲೆ "ಇನ್ನು ನಿಮ್ಮ ಕೆಲಸ ಮುಗಿಯಿತೇ" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಇಲ್ಲ. ಆ ನಿರ್ಧಾರ ವೈಜ್ಞಾನಿಕ ಹೆಸರನ್ನು ಮುಟ್ಟುವುದಿಲ್ಲ. ಇಂಗ್ಲಿಷ್ ಹೆಸರು ಬದಲಾದರೆ ಹಳೆಯ ಪುಸ್ತಕದ ಹಕ್ಕಿ ಯಾವುದು, ಆ ಮನುಷ್ಯ ಯಾರು ಎಂದು ಕೇಳುವವರು ಇನ್ನೂ ಹೆಚ್ಚುತ್ತಾರೆ.

ಮನೆಯ ಹಳೆ ಪೆಟ್ಟಿಗೆ ತೆರೆದು ಬರೆಯುವ ಕುಟುಂಬಗಳಿಗೆ ಒಂದು ಮಾತು. ನಿಮ್ಮ ಮನೆತನದ ಹೆಸರು ಹಕ್ಕಿಯಲ್ಲಿದೆ ಎಂಬುದು ಹೆಮ್ಮೆಯ ಸಂಗತಿಯೇ. ನಿಮ್ಮ ಹಿರಿಯರು ಅದನ್ನು ಕಂಡುಹಿಡಿದಿರಲಿಲ್ಲ ಎಂದು ನಾನು ಹೇಳಬೇಕಾಗಿ ಬಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಮಾತ್ರ ರದ್ದಿಗೆ ಹಾಕಬೇಡಿ. ಹ್ಯೂಮ್‌ರ ವರ್ಷಗಳ ಟಿಪ್ಪಣಿಗಳನ್ನು ಮನೆಯಾಳೊಬ್ಬ ರದ್ದಿಗೆ ಮಾರಿಬಿಟ್ಟ. ಅವು ಮತ್ತೆ ಸಿಗಲೇ ಇಲ್ಲ. ಚೀಟಿಗಳಿದ್ದರೆ ಎರಡೂ ಬದಿಯ ಫೋಟೊ ತೆಗೆದು ಕಳಿಸಿ. ಹಿಂಬದಿ ಖಾಲಿ ಅನ್ನಿಸಿದರೂ ತೆಗೆಯಿರಿ. ಹಿಡಿದವರ ಇನಿಷಿಯಲ್ ಪೆನ್ಸಿಲ್‌ನಲ್ಲಿ ಅಲ್ಲೇ ಇರುವುದುಂಟು.