ಮಾಣಿಕ್ಯವೇಲು ಬಂಗಲೆಗೆ ಬಂದ ದೆಹಲಿಯ ಚಿತ್ರಗಳು

ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಮರಗಳ ಮರೆಯಲ್ಲಿರುವ ಮಾಣಿಕ್ಯವೇಲು ಬಂಗಲೆಗೆ ಚಿತ್ರಕಲೆಯ ನಂಟು ತೀರಾ ಈಚಿನದು. ಒಡೆಯರ್ ಮನೆತನದ ಕೈಯಲ್ಲಿದ್ದ ಈ ಬಂಗಲೆಯನ್ನು ಗಣಿ ವ್ಯವಹಾರದಲ್ಲಿ ದುಡ್ಡು ಮಾಡಿದ ಮಾಣಿಕ್ಯವೇಲು ಮೊದಲಿಯಾರ್ ಕೊಂಡರು. ಮುಂದೆ ಸಾಲದ ಬಾಬ್ತು ಮನೆ ಹರಾಜಾಯಿತು. ಸರ್ಕಾರಿ ಸಂಸ್ಥೆಗಳ ಕೈ ದಾಟಿ 2000ದಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಗುತ್ತಿಗೆಯಾಗಿ ಬಂತು. 2009ರ ಫೆಬ್ರವರಿ 18ರಂದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ದಕ್ಷಿಣದ ಶಾಖೆಯಾಗಿ ಬಾಗಿಲು ತೆರೆಯಿತು. ಊರಿನವರ ಬಾಯಲ್ಲಿ ಅದು ಬರೀ ‘ಎನ್‌ಜಿಎಂಎ’.

ಮನೆ ನಮ್ಮದು, ಆದರೆ ಒಳಗೆ ಮೊದಲು ತೂಗುಹಾಕಿದ ಚಿತ್ರಗಳು ದೆಹಲಿಯಿಂದ ಬಂದವು. ಅವು ದೆಹಲಿಯಲ್ಲಿ ಸೇರಿದ್ದು ಹೇಗೆ ಎಂದು ಕೇಳಿದರೆ ಕಥೆ 1949ಕ್ಕೆ ಹೋಗುತ್ತದೆ. ಸ್ವತಂತ್ರ ದೇಶಕ್ಕೆ ತನ್ನದೇ ಆದ ಕಲಾ ಸಂಗ್ರಹಾಲಯ ಬೇಕೆಂಬ ಮಾತು ಆಗ ಎದ್ದಿತು. ನೆಹರೂ ಮತ್ತು ಮೌಲಾನಾ ಆಜಾದ್ ಅದರ ಬೆನ್ನಿಗೆ ನಿಂತರು. ಇಂಡಿಯಾ ಗೇಟ್ ಬಳಿ ಜೈಪುರದ ಮಹಾರಾಜರು 1936ರಲ್ಲಿ ಕಟ್ಟಿಸಿಕೊಂಡಿದ್ದ ಜೈಪುರ ಹೌಸ್ ಇದಕ್ಕೆ ಸಿಕ್ಕಿತು. ಮೇಲಿನಿಂದ ನೋಡಿದರೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತಿರುವ, ನಡುವೆ ಗುಮ್ಮಟವಿರುವ ಮನೆ ಅದು. 1954ರ ಮಾರ್ಚ್ 29ರಂದು ಉಪರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಉದ್ಘಾಟಿಸಿದರು. ಸಾಹಿತ್ಯ ಅಕಾಡೆಮಿ ಶುರುವಾದದ್ದೂ ಅದೇ ತಿಂಗಳು. ಲಲಿತಕಲಾ ಅಕಾಡೆಮಿ ಬಂದದ್ದೂ ಅದೇ ವರ್ಷ. ಸಂಸ್ಕೃತಿಗೆ ಸರ್ಕಾರವೇ ಯಜಮಾನಿಕೆ ವಹಿಸಿಕೊಂಡ ಕಾಲ. ಸಂಗ್ರಹದ ಹೊಣೆ ಹೊರುವ ಮೊದಲ ಕ್ಯುರೇಟರ್ ಆಗಿ ಬಂದವರು ಬರೋಡಾ ವಸ್ತುಸಂಗ್ರಹಾಲಯವನ್ನು ನೋಡಿಕೊಂಡಿದ್ದ ಜರ್ಮನ್ ಕಲಾ ಇತಿಹಾಸಕಾರ ಹರ್ಮನ್ ಗೊಯೆಟ್ಜ್. ಮೊದಲ ಪ್ರದರ್ಶನ ಶಿಲ್ಪಗಳದ್ದು. ದೇವಿಪ್ರಸಾದ್ ರಾಯ್‌ಚೌಧುರಿ, ರಾಮ್‌ಕಿಂಕರ್ ಬೈಜ್, ಶಂಖೋ ಚೌಧುರಿ ಅದರಲ್ಲಿದ್ದರು.

ಸಂಗ್ರಹದ ತಿರುಳು ಮಾತ್ರ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್. 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಆಕೆಗೆ 28 ವರ್ಷ. ಬಿಟ್ಟುಹೋದ ಚಿತ್ರಗಳಲ್ಲಿ ಬಹುಪಾಲು ಮನೆಯವರ ಬಳಿಯೇ ಇದ್ದವು, ಅಲ್ಲಿಂದ ದೇಶದ ಕೈ ಸೇರಿದವು. ಇಂದು ನೂರಕ್ಕೂ ಹೆಚ್ಚು ಕೃತಿಗಳು ದೆಹಲಿಯ ಸಂಗ್ರಹದಲ್ಲಿವೆ. ಆಕೆ ದಕ್ಷಿಣ ಭಾರತ ಸುತ್ತಿ ಬಂದ ಮೇಲೆ 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ಅವುಗಳಲ್ಲಿ ಒಂದು. ಐವರು ವಟುಗಳು, ಮೈಮೇಲೆ ಜನಿವಾರ, ಸೊಂಟದಲ್ಲಿ ಬಿಳಿ ಪಂಚೆ. ಯಾರೂ ಯಾರೊಡನೆಯೂ ಮಾತಾಡುತ್ತಿಲ್ಲ. ಒಬ್ಬೊಬ್ಬರ ಮೈಬಣ್ಣವೂ ಬೇರೆ: ಒಬ್ಬ ಕಪ್ಪು, ಒಬ್ಬ ಕಂದು, ನಡುವಿನವ ಬಿಳಿಚಿಕೊಂಡವ. ಭಕ್ತಿಯ ಚಿತ್ರವೆಂದು ಕಣ್ಣು ಹಾಯಿಸಿ ಮುಂದೆ ಹೋಗುವವರು ಆ ಪಂಚೆಗಳ ಬಿಳಿಯನ್ನಷ್ಟೇ ಒಮ್ಮೆ ನಿಂತು ನೋಡಬೇಕು. ಹಳದಿ ತಿರುಗಿದ್ದು, ಬೂದು ಹೊಡೆದದ್ದು, ನೀಲಿ ಸುಳಿದದ್ದು, ಹೀಗೆ ಒಂದೇ ಬಣ್ಣದಲ್ಲಿ ಎಷ್ಟು ಬಗೆ! ಪ್ಯಾರಿಸ್ಸಿನಲ್ಲಿ ಕಲಿತ ಕೈಗೆ ಅಜಂತಾದ, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ಕಂಡು ಬಂದ ಕಣ್ಣು ಸೇರಿಕೊಂಡಿದೆ.

ಇನ್ನು ಲೆಕ್ಕದ ಮಾತು. ಸಂಗ್ರಹದಲ್ಲಿ ಸುಮಾರು 17,000 ಕೃತಿಗಳಿವೆ ಎನ್ನುತ್ತಾರೆ. ಕೇಳಿದರೆ ಎದೆ ಉಬ್ಬುತ್ತದೆ. ಆದರೆ ಅದರಲ್ಲಿ 7,000ದಷ್ಟು ಬಂಗಾಳದ ಚಿತ್ರಕಲಾವಿದ ನಂದಲಾಲ್ ಬೋಸ್ ಒಬ್ಬರವೇ. ದೊಡ್ಡ ಚಿತ್ರಗಳ ಜೊತೆಗೆ ಪೋಸ್ಟ್ ಕಾರ್ಡಿನ ಮೇಲೆ ಗೀಚಿದ ಎಲೆ, ಹಕ್ಕಿ, ದಾರಿಹೋಕರೆಲ್ಲ ಆ ಎಣಿಕೆಯಲ್ಲಿ ಸೇರುತ್ತವೆ. ಇದು ದೂರಲ್ಲ. ಕಲಾವಿದನೊಬ್ಬನ ದಿನಚರಿಯೇ ಹೀಗೆ ಇಡಿಯಾಗಿ ಸಿಕ್ಕುವುದು ಅಪರೂಪ. ಆದರೂ ಸಂಖ್ಯೆಯೊಂದನ್ನೇ ನೋಡಿ ದೇಶದ ಆಧುನಿಕ ಕಲೆಯೆಲ್ಲ ಇಲ್ಲಿ ಸಮನಾಗಿ ಸೇರಿದೆ ಎಂದುಕೊಂಡರೆ ತಪ್ಪಾದೀತು. ಟಾಗೋರ್ ಮನೆತನದ ಅಬನೀಂದ್ರನಾಥ, ಗಗನೇಂದ್ರನಾಥ, ಅರವತ್ತು ದಾಟಿದ ಮೇಲೆ ಕುಂಚ ಹಿಡಿದ ರವೀಂದ್ರನಾಥ, ಜಾಮಿನಿ ರಾಯ್ ಎಲ್ಲರೂ ಇರುವ ಈ ಸಂಗ್ರಹದಲ್ಲಿ ಬಂಗಾಳದ ತೂಕ ಹೆಚ್ಚು.

ನಂದಲಾಲರ ಹರಿಪುರ ಚಿತ್ರಗಳನ್ನು ಬೇರೆಯಾಗಿಯೇ ಹೇಳಬೇಕು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಹಳ್ಳಿಯ ಜನ ಬರುತ್ತಾರೆ, ಓಡಾಡುತ್ತಲೇ ನೋಡುವಂಥ ಚಿತ್ರಗಳು ಬೇಕೆಂಬುದು ಗಾಂಧೀಜಿಯ ಇಚ್ಛೆ. ನಂದಲಾಲ್ ಕೈಕಾಗದದ ಮೇಲೆ ದಪ್ಪ ಗೆರೆಗಳಲ್ಲಿ ಡೋಲು ಬಡಿಯುವವ, ದರ್ಜಿ, ಹತ್ತಿ ಹಿಂಜುವವ, ಅಡುಗೆಯ ಹೆಂಗಸರನ್ನು ಬರೆದರು. ದೇವರಿಗೆ ಮೀಸಲಾದ ಕಮಾನಿನ ಚೌಕಟ್ಟಿನೊಳಗೆ ಚಮ್ಮಾರನನ್ನು ಕೂರಿಸಿದ್ದೇ ಅವುಗಳ ರಾಜಕೀಯ. ನಾಲ್ಕು ದಿನದ ಚಪ್ಪರಕ್ಕೆಂದು ಬರೆದವು ಈಗ ದೆಹಲಿಯ ಭದ್ರ ಆಸ್ತಿ.

ಬೆಲೆಯ ಮಾತಿಗೆ ಬಂದರೆ, 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ರವಿವರ್ಮ, ಶೇರ್‌ಗಿಲ್, ನಂದಲಾಲ್ ಸೇರಿ ಒಂಬತ್ತು ಕಲಾವಿದರ ಕೃತಿಗಳು ರಾಷ್ಟ್ರೀಯ ನಿಧಿ. ಅವನ್ನು ದೇಶದಿಂದ ಹೊರಗೆ ಮಾರುವಂತಿಲ್ಲ. ಒಳಗೇ ಮಾರಾಟವಾದರೂ ದರ ಮುಗಿಲು ಮುಟ್ಟಿದೆ: 2023ರಲ್ಲಿ ಅಮೃತಾರ ಒಂದು ಚಿತ್ರ 61.8 ಕೋಟಿ ರೂಪಾಯಿಗೆ ಹೋಯಿತು. ಮನೆಯವರು ಉಳಿಸಿ ಕೊಡದೇ ಹೋಗಿದ್ದರೆ ಇಂದಿನ ಸರ್ಕಾರಿ ಬಜೆಟ್ಟಿನಲ್ಲಿ ಅಂಥ ನೂರು ಚಿತ್ರ ಕೊಳ್ಳುವ ಮಾತೇ ಇರಲಿಲ್ಲ.

ಶಾಖೆಗಳು ಬಂದದ್ದು ತಡವಾಗಿ. 1996ರಲ್ಲಿ ಮುಂಬೈಯ ಕಾವಸ್‌ಜಿ ಜಹಾಂಗೀರ್ ಹಾಲಿನಲ್ಲಿ ಒಂದು, 2009ರಲ್ಲಿ ಬೆಂಗಳೂರಿನದು. ದೆಹಲಿಯ ಹೊಸ ಕಟ್ಟಡ ತೆರೆದದ್ದೂ 2009ರಲ್ಲೇ. ಕಟ್ಟಡಗಳೇನೋ ಎದ್ದವು, ಏನು ತೋರಿಸಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು. 2019ರ ಫೆಬ್ರವರಿಯಲ್ಲಿ ಮುಂಬೈ ಶಾಖೆಯಲ್ಲಿ ಚಿತ್ರಕಲಾವಿದ ಪ್ರಭಾಕರ ಬರ್ವೆ ಅವರ ಕೃತಿಗಳ ಪ್ರದರ್ಶನದ ಉದ್ಘಾಟನೆ. ಮುಂಬೈ, ಬೆಂಗಳೂರಿನ ಸ್ಥಳೀಯ ಕಲಾವಿದರ ಸಲಹಾ ಸಮಿತಿಗಳನ್ನು ರದ್ದು ಮಾಡಿದ್ದೇಕೆ ಎಂದು ನಟ ಅಮೋಲ್ ಪಾಲೇಕರ್ ಕೇಳತೊಡಗಿದಾಗ ವೇದಿಕೆಯಲ್ಲಿದ್ದವರು ನಡುವೆಯೇ ತಡೆದರು. ಬರ್ವೆ ಬಗ್ಗೆ ಮಾತ್ರ ಮಾತಾಡಿ ಎಂದರು. ಸಮಿತಿಯ ಅವಧಿ ಮುಗಿದಿತ್ತು ಅಷ್ಟೇ ಎಂಬುದು ಅಧಿಕೃತ ವಿವರಣೆ. ಅವಧಿ ಮುಗಿದದ್ದೇ ಇರಲಿ, ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಬೆಂಗಳೂರಿಗೆ ಆ ಪ್ರಶ್ನೆ ಇನ್ನೂ ಹತ್ತಿರದ್ದು. ನಂದಲಾಲರಂತೆಯೇ ಅಬನೀಂದ್ರನಾಥರ ಬಳಿ ಕಲಿತು ಮೈಸೂರಿಗೆ ಮರಳಿದ ಕೆ. ವೆಂಕಟಪ್ಪನವರ ಚಿತ್ರಗಳಿಗೆ ಇದೇ ಊರಿನ ಕಸ್ತೂರಬಾ ರಸ್ತೆಯಲ್ಲಿ ರಾಜ್ಯ ಸರ್ಕಾರದ ಗ್ಯಾಲರಿ ಇದೆ. ಒಬ್ಬ ಗುರುವಿನ ಇಬ್ಬರು ಶಿಷ್ಯರು. ಒಬ್ಬರ ಕೃತಿಗಳು ಕೇಂದ್ರದ ಕೈಯಲ್ಲಿ, ಇನ್ನೊಬ್ಬರವು ರಾಜ್ಯದ ಕೈಯಲ್ಲಿ. ಇಬ್ಬರನ್ನೂ ಒಂದೇ ಗೋಡೆಯ ಮೇಲೆ ನೋಡಬೇಕೆಂದರೆ ಎರಡು ಸರ್ಕಾರಗಳ ಕಡತ ಓಡಾಡಬೇಕು.