ಪದ ಪರಿಚಯ: ಮೇಲ್ಮೈ ಆಮ್ಲೀಯತೆ

ಅರಸೀಕೆರೆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಫ್ಲೋರೈಡ್ ತೆಗೆಯುವ ಒಂದು ಬಗೆಯ ಫಿಲ್ಟರಿನಲ್ಲಿ ಬಿಳಿ ಕಾಳುಗಳಿರುತ್ತವೆ. ಅವು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಇದೇ ಅಲ್ಯೂಮಿನಾಕ್ಕೆ ವೇಗವರ್ಧಕ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮಾಡುವವರು ಬೇಕೆಂದೇ ಫ್ಲೋರೀನ್, ಅಂದರೆ ಫ್ಲೋರೈಡ್‌ನ ಮೂಲಧಾತು, ಸೇರಿಸುತ್ತಾರೆ. ಯಾಕೆ? ಅದಕ್ಕೆ ಉತ್ತರ ‘ಮೇಲ್ಮೈ ಆಮ್ಲೀಯತೆ’ ಎಂಬ ಪದದಲ್ಲಿದೆ.

ಆಮ್ಲ ಅಂದರೆ ನಮಗೆ ನೆನಪಾಗುವುದು ನಿಂಬೆ ರಸ, ಹುಣಸೆ ರಸ, ಬ್ಯಾಟರಿ ಆಸಿಡ್. ಎಲ್ಲವೂ ದ್ರವ, ಅಲ್ವಾ? ಕಾಫಿ ತೋಟದ ಮಣ್ಣು ಹುಳಿಯಾಗಿದೆಯಾ ಎಂದು ನೋಡುವಾಗಲೂ ಮಣ್ಣನ್ನು ನೀರಿಗೆ ಕಲಕಿಯೇ ಪಿಎಚ್ ಅಳೆಯುತ್ತಾರೆ. ಆದರೆ ಒಣ ಪುಡಿಯೂ ಆಮ್ಲವಾಗಿ ಕೆಲಸ ಮಾಡಬಲ್ಲದು. ಆ ಗುಣ ಪುಡಿಯ ಒಳಗೆಲ್ಲ ತುಂಬಿಕೊಂಡಿರುವುದಿಲ್ಲ. ಮೇಲ್ಮೈಯ ಕೆಲವು ಬಿಂದುಗಳಲ್ಲಿ ಮಾತ್ರ ಇರುತ್ತದೆ. ಮೇಲ್ಮೈ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ. ಒಳ್ಳೆಯ ಅಲ್ಯೂಮಿನಾ ಒಂದು ಗ್ರಾಂ ತೆಗೆದುಕೊಂಡರೆ, ಅದರ ಸಣ್ಣ ಸಣ್ಣ ರಂಧ್ರಗಳ ಗೋಡೆಯೆಲ್ಲ ಸೇರಿ ಸುಮಾರು 200 ಚದರ ಮೀಟರ್ ಆಗುತ್ತದೆ. 40x50 ಅಡಿಯ ಒಂದು ಸೈಟಿಗಿಂತ ತುಸು ದೊಡ್ಡದು!

ಈ ಬಿಂದುಗಳಲ್ಲಿ ಎರಡು ಬಗೆ. ಮೇಲ್ಮೈಯ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ತನ್ನ ಪ್ರೋಟಾನನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ನನ್ನು, ಕೊಟ್ಟರೆ ಅದು ಬ್ರಾನ್‌ಸ್ಟೆಡ್ ಆಮ್ಲ. ಬಿಸಿ ಮಾಡಿ ನೀರು ಹೋದ ಮೇಲೆ ಬರಿದಾಗಿ ನಿಂತ ಅಲ್ಯೂಮಿನಿಯಂ, ಬೇರೆ ಅಣುವಿನ ಎಲೆಕ್ಟ್ರಾನ್ ಜೋಡಿಯನ್ನು ತನ್ನತ್ತ ಎಳೆದರೆ ಅದು ಲೂಯಿಸ್ ಆಮ್ಲ. ಎರಡು ವ್ಯಾಖ್ಯೆಗಳೂ 1923ರಲ್ಲೇ ಬಂದವು. ವೇಗವರ್ಧಕದ ಪ್ರೋಟಾನ್ ಒಂಥರಾ ಕೈಸಾಲ. ಬಂದ ಅಣು ಅದನ್ನು ಪಡೆದು, ತನ್ನ ರೂಪ ಬದಲಿಸಿಕೊಂಡು, ವಾಪಸ್ ಕೊಟ್ಟು ಹೋಗುತ್ತದೆ.

ಬರೀ ಅಲ್ಯೂಮಿನಾದ ತೊಂದರೆ ಏನೆಂದರೆ, ಅದರ ಹೈಡ್ರಾಕ್ಸಿಲ್ ಈ ಸಾಲ ಕೊಡುವುದರಲ್ಲಿ ಬಲು ಬಿಗಿ. ಇಲ್ಲಿ ಫ್ಲೋರೀನ್ ಬರುತ್ತದೆ. ಚಿಕ್ಕಮಗಳೂರಿನ ಚಳಿಯಲ್ಲಿ ನಾಲ್ಕು ಜನ ಒಂದೇ ಕಂಬಳಿ ಹೊದ್ದು ಮಲಗಿದ್ದಾರೆ ಅಂದುಕೊಳ್ಳಿ. ಒಂದು ತುದಿಯವನು ಜೋರಾಗಿ ಎಳೆದರೆ ಇನ್ನೊಂದು ತುದಿಯವನು ಚಳಿಗೆ ಬೀಳುತ್ತಾನೆ. ಎಲೆಕ್ಟ್ರಾನ್ ಎಂಬ ಕಂಬಳಿಯನ್ನು ಫ್ಲೋರೀನಿನಷ್ಟು ಜೋರಾಗಿ ಎಳೆಯುವ ಧಾತು ಇನ್ನೊಂದಿಲ್ಲ. ಪೌಲಿಂಗ್ ಅಳತೆಯಲ್ಲಿ ಅದರ ಎಳೆತ 3.98, ಆಕ್ಸಿಜನ್ನಿನದು 3.44. ಕೆಲವು ಹೈಡ್ರಾಕ್ಸಿಲ್‌ಗಳ ಜಾಗದಲ್ಲಿ ಫ್ಲೋರೀನ್ ಕೂತಾಗ ಅದು ಅಲ್ಯೂಮಿನಿಯಂನಿಂದ ಎಳೆಯುತ್ತದೆ. ಅಲ್ಯೂಮಿನಿಯಂ ಪಕ್ಕದ ಆಕ್ಸಿಜನ್‌ನಿಂದ, ಆಕ್ಸಿಜನ್ ಕೊನೆಯ ಹೈಡ್ರೋಜನ್‌ನಿಂದ ಎಳೆಯುತ್ತದೆ. ಹೈಡ್ರೋಜನ್ನಿನ ಹಿಡಿತ ಸಡಿಲವಾಗುತ್ತದೆ. ಪ್ರೋಟಾನ್ ಸುಲಭವಾಗಿ ಬಿಟ್ಟುಬರುತ್ತದೆ. ಬರಿದಾದ ಅಲ್ಯೂಮಿನಿಯಂನ ಲೂಯಿಸ್ ಬಲವೂ ಹೆಚ್ಚುತ್ತದೆ.

ನನಗೆ ಇಷ್ಟವಾಗುವ ಸೂಕ್ಷ್ಮ ಇದು: ಫ್ಲೋರೀನ್ ಹೈಡ್ರಾಕ್ಸಿಲ್‌ಗಳನ್ನು ತೆಗೆದೇ ತಾನು ಕೂರುತ್ತದೆ. ಅವುಗಳ ಎಣಿಕೆ ಕಡಿಮೆಯಾಗುತ್ತದೆ, ಉಳಿದವುಗಳ ಬಲ ಏರುತ್ತದೆ. ‘ಆಮ್ಲೀಯತೆ ಹೆಚ್ಚಿತು’ ಎಂದು ಸುಮ್ನೆ ಹೇಳಿದರೆ ಸಾಲದು. ಎಷ್ಟು ಬಿಂದು, ಎಷ್ಟು ಬಲ, ಯಾವ ಬಗೆ ಎಂದು ಕೇಳಬೇಕು. ಕ್ಷಾರವಾದ ಅಮೋನಿಯಾ ಅಂಟಿಸಿ ನಿಧಾನವಾಗಿ ಬಿಸಿ ಮಾಡಿದರೆ, ಬಲವಾದ ಬಿಂದುಗಳು ಅದನ್ನು ಹೆಚ್ಚಿನ ಉಷ್ಣತೆಯವರೆಗೂ ಹಿಡಿದಿರುತ್ತವೆ. ಬಗೆ ತಿಳಿಯಲು ಪಿರಿಡಿನ್ ಎಂಬ ಇನ್ನೊಂದು ಕ್ಷಾರ ಅಂಟಿಸಿ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತಾರೆ. ಸೆಂಟಿಮೀಟರಿಗೆ ಸುಮಾರು 1450 ಅಲೆಗಳ ಬಳಿ ಗೆರೆ ಬಂದರೆ ಲೂಯಿಸ್, 1540ರ ಬಳಿ ಬಂದರೆ ಬ್ರಾನ್‌ಸ್ಟೆಡ್.

ಅತಿಯಾದರೆ ಕೆಡುತ್ತದೆ. ಸಾಮಾನ್ಯವಾಗಿ ತೂಕದಲ್ಲಿ ಕೆಲವೇ ಶೇಕಡಾ ಫ್ಲೋರೀನ್ ಸಾಕು. ಅದಕ್ಕೂ ಮೀರಿ ಹಾಕಿದರೆ ಅಲ್ಯೂಮಿನಿಯಂ ಫ್ಲೋರೈಡ್ ಹರಳುಗಟ್ಟುತ್ತದೆ, ರಂಧ್ರಗಳು ಮುಚ್ಚಿಹೋಗುತ್ತವೆ, ಕೊಡಲು ಪ್ರೋಟಾನೂ ಉಳಿಯುವುದಿಲ್ಲ.

ಇಷ್ಟೆಲ್ಲ ಪಾಡು ಯಾಕೆ? ಬಟ್ಟೆ ಒಗೆಯುವ ಪುಡಿಯ ಮೂಲವಸ್ತುವೊಂದನ್ನು ಮಾಡಲು ಬೆಂಜೀನಿಗೆ ಉದ್ದನೆಯ ಕಾರ್ಬನ್ ಸರಪಣಿ ಜೋಡಿಸಬೇಕು. ಅದಕ್ಕೆ ಬಹಳ ಕಾಲ ದ್ರವ ಹೈಡ್ರೋಫ್ಲೋರಿಕ್ ಆಮ್ಲವನ್ನೇ ಬಳಸುತ್ತಿದ್ದರು. ಮೈಗೆ ತಾಗಿದರೆ ಜೀವಕ್ಕೇ ಕುತ್ತು ತರುವ ಆಮ್ಲ ಅದು. ಫ್ಲೋರೀನ್ ಸೇರಿಸಿದ ಸಿಲಿಕಾ-ಅಲ್ಯೂಮಿನಾ ಕಾಳುಗಳು ಹಲವು ಸ್ಥಾವರಗಳಲ್ಲಿ ಅದರ ಜಾಗಕ್ಕೆ ಬಂದವು. ಆ ಸ್ಥಾವರಗಳಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಅರಸೀಕೆರೆಯ ಫಿಲ್ಟರಿನಲ್ಲಿ ಫ್ಲೋರೈಡ್ ಕುಡಿದು ತಣಿದ ಕಾಳುಗಳೂ ಇಂಥ ವೇಗವರ್ಧಕ ಆದವಾ? ಇಲ್ಲ. ಅಲ್ಲೂ ಹೈಡ್ರಾಕ್ಸಿಲ್ ಹೋಗಿ ಫ್ಲೋರೈಡ್ ಕೂತಿರುವುದು ನಿಜ. ಆದರೆ ಬಿಂದುಗಳ ಮೇಲೆಲ್ಲ ನೀರು ಕವಿದಿದೆ, ಅದು ಬಿಡಬೇಕಾದರೆ ಸುಮಾರು 500 ಡಿಗ್ರಿಗೆ ಕಾಯಿಸಬೇಕು. ಬೋರ್‌ವೆಲ್ ನೀರಿನ ಸೋಡಿಯಂ ಬೇರೆ ಅಂಟಿಕೊಂಡಿರುತ್ತದೆ. ಪ್ರೋಟಾನ್ ಇರಬೇಕಾದ ಜಾಗದಲ್ಲಿ ಅದು ಕೂತರೆ ಆ ಬಿಂದು ಕೆಲಸಕ್ಕೆ ಬಾರದು.